ಪಿಳ್ಳಣ್ಣನ ಬ್ಯಾಟರಿ ನೀರು

ವಿಜಯಕುಮಾರ್ ಸ್ನಾನ ಮುಗಿಸಿ, ತಲೆಗೆ ಟವೆಲ್ ಬಿಗಿದುಕೊಂಡು, ಕೈಗೆ ರಬ್ಬರ್ ಗ್ಲೌಸ್ ಏರಿಸಿ ಹಾಲಿಗೆ ಬಂದನೆಂದರೆ, ಅವತ್ತು ಕಂಪ್ಯೂಟರಿನ ನೀರು ಬದಲಾಯಿಸುವ ದಿನವೆಂದು ಮನೆಯವರು ತಿಳಿದುಕೊಳ್ಳಬೇಕಾಗಿತ್ತು. ಅಂಥ ದಿನ ಫ್ಯಾನು ಹಾಕುವಂತಿಲ್ಲ, ಧೂಳು ಹಾರುತ್ತದೆ. ಒಗ್ಗರಣೆ ಹಾಕುವಂತಿಲ್ಲ, ಎಣ್ಣೆಯ ಹಬೆ ಬರುತ್ತದೆ. ಹೆಂಡತಿ ಶ್ರೀದೇವಿ ಹಾಲಿನಲ್ಲಿ ನಿಂತು ತಲೆ ಬಾಚಿಕೊಳ್ಳುವಂತಿಲ್ಲ. ತಾಯಿ ಶಾಂತಾದೇವಿ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಆ ಕಡೆ ಸುಳಿಯುವಂತಿಲ್ಲ. ವಿಭೂತಿಯೂ ಒಂದು ಬಗೆಯ ಪುಡಿಯೇ ತಾನೆ.

ಶ್ರೀದೇವಿ ಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ವರ್ಷಗಟ್ಟಲೆ ಮಕ್ಕಳ ಪ್ರಬಂಧ ತಿದ್ದಿ ತಿದ್ದಿ, ಎಲ್ಲಿ ಸರಕಿಲ್ಲದೆ ಮಾತು ಉಬ್ಬಿದೆಯೋ ಅಲ್ಲಿ ಕೆಂಪು ಗೆರೆ ಎಳೆಯುವ ಚಟ ಅವಳ ಕಣ್ಣಿಗೇ ಅಂಟಿಕೊಂಡಿತ್ತು. ಗಂಡನನ್ನು ನೋಡುವಾಗಲೂ ಅದೇ ಕಣ್ಣು.

ಅದು ಎರಡು ಸಾವಿರದ ಐದನೇ ಇಸವಿ. ಊರಿನ ಉಳಿದ ಕಂಪ್ಯೂಟರುಗಳು ಒಳಗಿನ ಫ್ಯಾನಿನ ಗಾಳಿಯಲ್ಲೇ ತಣ್ಣಗಾಗುತ್ತಿದ್ದಾಗ ವಿಜಯಕುಮಾರನದು ಮಾತ್ರ ನೀರಿನಲ್ಲಿ ತಣ್ಣಗಾಗುತ್ತಿತ್ತು. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಿಂದ ಸ್ವಲ್ಪ, ಸಿಂಗಪುರದಲ್ಲಿದ್ದ ಗೆಳೆಯನಿಂದ ಸ್ವಲ್ಪ ಸಾಮಾನು ತರಿಸಿ ತಾನೇ ಕೂತು ಜೋಡಿಸಿದ್ದ. ಒಂದು ಪುಟ್ಟ ಪಂಪು ಡಬ್ಬಿಯಲ್ಲಿಟ್ಟ ನೀರನ್ನು ತಳ್ಳುತ್ತದೆ, ನೀರು ಪಾರದರ್ಶಕ ಪೈಪಿನಲ್ಲಿ ಹರಿದು ಪ್ರೊಸೆಸರಿನ ಮೇಲೆ ಕೂತ ತಾಮ್ರದ ಬ್ಲಾಕನ್ನು ಹೊಕ್ಕು ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ತಣ್ಣಗಾಗಿ ಮತ್ತೆ ಡಬ್ಬಿಗೆ ಬರುತ್ತದೆ. ಬನಶಂಕರಿ ಎರಡನೇ ಹಂತದ ಆ ಮನೆಯ ಹಾಲಿನಲ್ಲಿ, ಪೂರ್ವದ ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ಪೈಪಿನ ಮೇಲೆ ಬಿದ್ದು ನೀರು ಹೊಳೆಯುವಂಥ ಜಾಗದಲ್ಲಿ ಅದನ್ನು ಇಟ್ಟಿದ್ದ. ಮೊದಲು ಅಲ್ಲಿ ಶ್ರೀದೇವಿಯ ಪುಸ್ತಕದ ಬೀರು ಇತ್ತು. ಅದು ಈಗ ಬಚ್ಚಲುಮನೆಯ ಗೋಡೆಗೆ ಒರಗಿ ತೇವ ಹಿಡಿಯುತ್ತಿತ್ತು.

ಇಷ್ಟೆಲ್ಲ ತಂಪು ಮಾಡಿ ಆ ಯಂತ್ರದಲ್ಲಿ ಅವನು ಮಾಡುತ್ತಿದ್ದ ಕೆಲಸವೇನು? ಒಂದು ಟೆಲಿಫೋನ್ ಕಂಪನಿಯಲ್ಲಿ ಬಿಲ್ಲು ಕಳಿಸುವ ವಿಭಾಗದ ಮ್ಯಾನೇಜರು ಅವನು. ಮನೆಗೆ ಬಂದು ಇಸ್ಪೀಟು ಆಡುತ್ತಿದ್ದ, ಪ್ರೊಸೆಸರ್ ಎಷ್ಟು ಡಿಗ್ರಿ ಇದೆಯೆಂದು ನೋಡುತ್ತಿದ್ದ, ಆ ಡಿಗ್ರಿಯನ್ನು ಇಂಟರ್ನೆಟ್ಟಿನ ಒಂದು ಫೋರಂನಲ್ಲಿ ಬರೆಯುತ್ತಿದ್ದ. ಅಲ್ಲಿಯ ಜನ ಆಹಾ ಎನ್ನುತ್ತಿದ್ದರು. ಮಲಗುತ್ತಿದ್ದ.

ಶಾಂತಾದೇವಿಗೆ ಮಾತ್ರ ಮಗನ ಗ್ಲೌಸು, ಸ್ನಾನ, ಪ್ರತ್ಯೇಕ ಜಗ್ಗು, ಪ್ರತ್ಯೇಕ ಆಲಿಕೆ, ಯಾರೂ ಮುಟ್ಟಬಾರದ ಕ್ಯಾನು ಇವೆಲ್ಲ ಸಮಾಧಾನ ತಂದಿದ್ದವು. ತಿಪಟೂರಿನಲ್ಲಿದ್ದಾಗ ಇದೇ ಮಗ, ಮೀಸೆ ಮೂಡುವ ವಯಸ್ಸಿನಲ್ಲಿ, ಅವರ ಮಡಿನೀರಿನ ಬಿಂದಿಗೆಗೆ ಬೇಕೆಂದೇ ಬೆರಳು ಅದ್ದಿ, "ಏನಾಯ್ತು ಈಗ? ನೀರು ಅಳ್ತಾ?" ಎಂದು ಕೇಳಿ ಬೀದಿಯವರೆಲ್ಲ ನಗುವಂತೆ ಮಾಡಿದ್ದ.

"ತಡವಾಗಿಯಾದ್ರೂ ಬುದ್ಧಿ ಬಂತು ನೋಡು ಇವ್ನಿಗೆ," ಎಂದರು ಸೊಸೆಗೆ.

"ಬುದ್ಧಿ ಅಲ್ಲತ್ತೆ," ಎಂದಳು ಶ್ರೀದೇವಿ. "ನೀವು ಶಿವನಿಗೆ ಮಾಡ್ತಿದ್ರಿ. ಇವರು ಇಸ್ಪೀಟಿಗೆ ಮಾಡ್ತಾರೆ."

ಭಾನುವಾರ ಬೆಳಿಗ್ಗೆ ಫೋರಂನ ಐದಾರು ಜನ ಮನೆಗೆ ಬರುತ್ತಿದ್ದರು. ಎಲ್ಲ ಮೀಸೆ ಬಂದವರೇ, ಸಂಬಳ ತರುವವರೇ. ಸೋಫಾದಲ್ಲಿ ಸಾಲಾಗಿ ಕೂತು ನೀರು ಹರಿಯುವುದನ್ನು ನೋಡುತ್ತಿದ್ದರು. ವಿಜಯಕುಮಾರ್ ನಿಂತುಕೊಂಡೇ ಮಾತಾಡುತ್ತಿದ್ದ.

"ನೀರು ಅಂದ್ರೆ ನೀರು. ಅದಕ್ಕೆ ಬಣ್ಣ ಹಾಕ್ತಾನಲ್ಲ, ಅವ್ನು ಕಂಪ್ಯೂಟರ್ ಇಟ್ಕೊಂಡಿಲ್ಲ, ಶರಬತ್ತಿನ ಅಂಗಡಿ ಇಟ್ಕೊಂಡಿದಾನೆ. ಕಾರಿನ ಕೂಲೆಂಟ್ ಹಾಕೋರು ಗ್ಯಾರೇಜಿಗೆ ಹೋಗ್ಲಿ. ಡಿಸ್ಟಿಲ್ಡ್ ವಾಟರ್, ಅಷ್ಟೇ. ಬೇರೆ ಏನೂ ಬೇಡ."

ಹಾಗೆ ಹೇಳುವಾಗ ಅವನ ಕಣ್ಣು ಮೂಲೆಯಲ್ಲಿ ಕೂತ ನಿಂಗರಾಜನ ಮೇಲೆ ಹೋಗುತ್ತಿತ್ತು. ನಿಂಗರಾಜ ಗದಗಿನ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡು ಒಂದು ಕೊರಿಯರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದ. ಹಳೇ ಮಾರುತಿ ಕಾರಿನ ಹೀಟರಿನ ರೇಡಿಯೇಟರು, ಮೀನಿನ ತೊಟ್ಟಿಯ ಪಂಪು, ಹಸಿರು ಕೂಲೆಂಟು, ಇಷ್ಟರಲ್ಲೇ ತಾನೂ ಒಂದು ನೀರಿನ ಕಂಪ್ಯೂಟರು ಕಟ್ಟಿಕೊಂಡಿದ್ದ. ಅದರ ಫೋಟೋ ತೋರಿಸಿದ ದಿನ ವಿಜಯಕುಮಾರ್ ಎಲ್ಲರೆದುರು, "ಇದು ಕಂಪ್ಯೂಟರ್ ಅಲ್ಲಪ್ಪ, ಮೋರಿ," ಎಂದಿದ್ದ. ನಿಂಗರಾಜ ನಕ್ಕು ಸುಮ್ಮನಾಗಿದ್ದ. ಅವನು ಯಾಕೆ ಮತ್ತೆ ಮತ್ತೆ ಬರುತ್ತಾನೆಂದು ಶ್ರೀದೇವಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅವನೇ ಹೇಳಿದ: "ಅಕ್ಕಾರ, ನಿಮ್ಮನಿ ಉಪ್ಪಿಟ್ಟು ನಮ್ಮವ್ವನ ಕೈ ಹಂಗ ಐತ್ರಿ."

ಅವನೇ ಒಮ್ಮೆ, "ಸರ, ಬರೇ ನೀರ ಇಟ್ರ ಪಾಚಿ ಕಟ್ಟತೈತ್ರಿ. ಮೀನಿನ ಅಂಗಡ್ಯಾಗ ಪಾಚಿ ಔಷಧ ಸಿಗತೈತಿ, ಎರಡು ಹನಿ ಹಾಕಿದ್ರ ಸಾಕು. ಬಿಸಿಲಿಂದ ಸ್ವಲ್ಪ ಈಚೆ ಇಡ್ರಿ," ಎಂದಿದ್ದ.

"ಶುದ್ಧವಾಗಿರೋದಕ್ಕೆ ಔಷಧಿ ಯಾಕಯ್ಯ?" ಎಂದು ವಿಜಯಕುಮಾರ್ ಕೇಳಿದ್ದ. ಸೋಫಾದವರು ತಲೆದೂಗಿದ್ದರು. ಮಾತು ಚೆನ್ನಾಗಿ ಕೇಳಿಸಿದರೆ ಸಾಕು, ನಿಜವಾಗಿರಬೇಕೆಂಬ ಹಟ ಅವರಿಗಿರಲಿಲ್ಲ.

ನೀರು ಬರುತ್ತಿದ್ದದ್ದು ಕದಿರೇನಹಳ್ಳಿ ಕ್ರಾಸಿನ ಪಿಳ್ಳಣ್ಣನ ಅಂಗಡಿಯಿಂದ. ಪಿಳ್ಳಣ್ಣ ಬ್ಯಾಟರಿ, ಇನ್ವರ್ಟರ್ ಮಾರುತ್ತಿದ್ದ. ಹಿಂದಿನ ಶೆಡ್ಡಿನಲ್ಲಿ ಯಂತ್ರ ಇಟ್ಟು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೂ ತಯಾರಿಸಿ ಕ್ಯಾನಿನಲ್ಲಿ ತುಂಬಿ ಕೊಡುತ್ತಿದ್ದ. ಬಾಯಿ ಜೋರಿನ ಮನುಷ್ಯ. "ಸಾರ್, ಕಂಪ್ಯೂಟರ್‌ಗೆ ಬ್ಯಾಟರಿ ನೀರು ಕುಡಿಸೋ ಗಿರಾಕಿ ನನ್ಗೆ ನೀವೊಬ್ರೇ. ಮುಂದೆ ಟೀವಿಗೂ ಕುಡಿಸ್ತೀರಾ?" ಎಂದು ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ವಿಜಯಕುಮಾರನಿಗೆ ಅದು ಹಿಡಿಸುತ್ತಿರಲಿಲ್ಲ. ಆದರೆ ಅಷ್ಟು ಹತ್ತಿರದಲ್ಲಿ ಬೇರೆ ಅಂಗಡಿ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಬೀದಿಯ ನೀರು ನಿಂತಿತು. ಮುಖ್ಯರಸ್ತೆಯಲ್ಲಿ ಯಾರೋ ಕೇಬಲ್ ಹಾಕಲು ಅಗೆದು ಕಾವೇರಿ ಪೈಪು ಒಡೆದಿದ್ದರು. ಮನೆಯ ಓನರಿನ ಬೋರ್‌ವೆಲ್ಲಿನ ಮೋಟಾರು ಅದರ ಹಿಂದಿನ ದಿನವೇ ಸುಟ್ಟುಹೋಗಿತ್ತು. ಟ್ಯಾಂಕರಿನವನು ಸಂಜೆ ಬರುತ್ತೇನೆ ಎಂದಿದ್ದ. ಮನೆಯಲ್ಲಿ ಉಳಿದದ್ದು ಪಾತ್ರೆ ತೊಳೆಯಲು ಹಿಡಿದಿಟ್ಟ ಅರ್ಧ ಬಕೆಟ್ಟು ಮತ್ತು ಶಾಂತಾದೇವಿಯ ಮಡಿನೀರಿನ ಬಿಂದಿಗೆ.

ಅವತ್ತೇ ವಿಜಯಕುಮಾರ್ ಎಂದಿಗಿಂತ ಹೆಚ್ಚು ಜನರನ್ನು ಕರೆದಿದ್ದ. ಶ್ರೀದೇವಿ ಅವನನ್ನು ಅಡುಗೆಮನೆಗೆ ಕರೆದು, "ನೀರಿಲ್ಲ ರೀ. ಫೋನ್ ಮಾಡಿ ಮುಂದಿನ ವಾರ ಬನ್ನಿ ಅನ್ನಿ," ಎಂದಳು.

"ಎಲ್ರೂ ಹೊರಟಾಗಿದೆ. ಏನಾದ್ರೂ ಅಡ್ಜಸ್ಟ್ ಮಾಡು. ತಿಂಡಿ ಕಾಫಿ ಇಲ್ದೆ ಕಳ್ಸಿದ್ರೆ ನನ್ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಕುದಿಸಿ ಕಾಫಿ ಮಾಡೋಕಾಗಲ್ವಲ್ಲ."

ಅವನು ಆಗಲೇ ಹಾಲಿಗೆ ಹೋಗಿದ್ದ. ಜನ ಬಂದರು. ಬಿಸಿಲಿನಲ್ಲಿ ಬಂದವರು, ಕುಡಿಯಲು ನೀರು ಕೇಳಿದರು. ಶಾಂತಾದೇವಿ ತಮ್ಮ ಬಿಂದಿಗೆಯನ್ನು ದೇವರ ಕೋಣೆಯಿಂದ ಎತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. "ಕೊಡು ಅವ್ರಿಗೆ. ಬಾಯಾರಿ ಬಂದೋರ ಮುಂದೆ ನಂದೇನು ಮಡಿ," ಎಂದರು. ಲೋಟಗಳಲ್ಲಿ ಬಿಂದಿಗೆ ಖಾಲಿಯಾಯಿತು. ಹಾಲಿನಿಂದ ಗಂಡನ ದನಿ ಕೇಳುತ್ತಿತ್ತು: "ನೀರಿನ ವಿಷ್ಯದಲ್ಲಿ ಕಾಂಪ್ರಮೈಸ್ ಮಾಡ್ಕೊಂಡ್ರೆ ಮುಗೀತು." ಅದರ ಬೆನ್ನಿಗೇ, "ಶ್ರೀ, ಕಾಫಿ ಆಯ್ತಾ?"

ಶ್ರೀದೇವಿ ಅಡುಗೆಮನೆಯ ಹಿಂದಿನ ಯುಟಿಲಿಟಿಗೆ ಹೋದಳು. ಅಲ್ಲಿಯ ಸಾಮಾನಿನ ಬೀರುವಿನೊಳಗೆ, ಬಿಳಿ ಬಟ್ಟೆ ಹೊದ್ದು, ಪಿಳ್ಳಣ್ಣನ ಕ್ಯಾನು ಕೂತಿತ್ತು. ಒಂದೆರಡು ಲೋಟ ಖರ್ಚಾಗಿದ್ದದ್ದು ಬಿಟ್ಟರೆ ತುಂಬಿತ್ತು. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಕ್ಯಾನನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ಅದರಲ್ಲಿ ರವೆ ಬೇಯಿಸಿದಳು, ಡಿಕಾಕ್ಷನ್ ಇಳಿಸಿದಳು, ಎರಡನೇ ಸುತ್ತು ಕಾಫಿಯನ್ನೂ ಮಾಡಿದಳು, ಲೋಟ ತೊಳೆದಳು. ಶಾಂತಾದೇವಿ ನೋಡುತ್ತ ಕೂತಿದ್ದರು. ಕ್ಯಾನು ಖಾಲಿಯಾದಾಗ ಮುಚ್ಚಳವನ್ನು ತಾವೇ ಹುಡುಕಿ ಕೊಟ್ಟರು.

ಕಾಫಿ ಸೊಗಸಾಗಿತ್ತು ಎಂದು ಬಂದವರೆಲ್ಲ ಹೇಳಿದರು. ವಿಜಯಕುಮಾರ್ ಎರಡು ಲೋಟ ಕುಡಿದ.

ಸಂಜೆ ಟ್ಯಾಂಕರ್ ಬಂತು. ಖಾಲಿ ಕ್ಯಾನು ಗಂಡನ ಕಣ್ಣಿಗೆ ಬಿದ್ದರೆ ಆ ಹೊತ್ತಿನಲ್ಲಿ ಕೂಗಾಟ ಕೇಳಬೇಕಲ್ಲ ಎಂದು ಅವಳು ಅದಕ್ಕೆ ಟ್ಯಾಂಕರಿನ ನೀರನ್ನೇ ತುಂಬಿ, ಬಟ್ಟೆ ಹೊದಿಸಿ, ಇದ್ದಲ್ಲೇ ಇಟ್ಟಳು. ಮಾರನೇ ದಿನ ಸ್ಕೂಲು ಬಿಟ್ಟ ಮೇಲೆ ಪಿಳ್ಳಣ್ಣನ ಅಂಗಡಿಯಿಂದ ಹೊಸ ಕ್ಯಾನು ತಂದು ಬದಲಾಯಿಸಿದರಾಯಿತು ಎಂಬುದು ಅವಳ ಲೆಕ್ಕ.

ಮಾರನೇ ದಿನ ಹೊಸ ಕ್ಯಾನು ಹಿಡಿದು ಗೇಟು ದಾಟುವಾಗಲೇ ಫ್ಯಾನು ನಿಂತಿರುವುದು ಕಿಟಕಿಯಲ್ಲಿ ಕಂಡಿತು. ಕ್ಯಾನನ್ನು ಮೆಟ್ಟಿಲ ಕೆಳಗೆ ಬಿಟ್ಟು ಒಳಗೆ ಹೋದಳು. ವಿಜಯಕುಮಾರ್ ಆಫೀಸಿನಿಂದ ಬೇಗ ಬಂದಿದ್ದ. ತಲೆಗೆ ಟವೆಲ್, ಕೈಗೆ ಗ್ಲೌಸ್. ಹಳೇ ನೀರನ್ನೆಲ್ಲ ಇಳಿಸಿ ಆಗಿತ್ತು. ಕ್ಯಾನಿನಲ್ಲಿದ್ದ ಟ್ಯಾಂಕರಿನ ನೀರಿನಿಂದ ಪೈಪುಗಳನ್ನು ಭಕ್ತಿಯಿಂದ ಒಮ್ಮೆ ಜಾಲಿಸಿ, ಈಗ ಆಲಿಕೆಯಲ್ಲಿ ಅದೇ ನೀರನ್ನು ತೊಟ್ಟು ತೊಟ್ಟಾಗಿ ಸುರಿಯುತ್ತಿದ್ದ.

"ರೀ, ಒಂದ್ನಿಮಿಷ, ಆ ನೀರು..."

"ಅಲ್ಲೇ ನಿಲ್ಲು! ಹತ್ರ ಬರ್ಬೇಡ. ನಿನ್ ಕೂದ್ಲು ಉದ್ರುತ್ತೆ. ಹೊರಗಿಂದ ಬಂದಿದೀಯ, ಮೈತುಂಬ ಬಸ್ಸಿನ ಧೂಳು. ನೀರು ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದ ಮೇಲೆ ಏನು ಹೇಳುವುದು? ಒಳಗೆ ಹೋಗಿ ಸೀರೆ ಬದಲಾಯಿಸಿದಳು. ಹೊಸ ಕ್ಯಾನಿನ ನೀರು ಆಮೇಲೆ ಎಷ್ಟೋ ದಿನ ಹಬೆಯ ಇಸ್ತ್ರಿ ಪೆಟ್ಟಿಗೆಗೆ ಆಯಿತು.

ಅವತ್ತು ಹೇಳಬಹುದಿತ್ತು, ಅದರ ಮಾರನೇ ದಿನವೂ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ವಿಜಯಕುಮಾರ್ ಫೋರಂನಲ್ಲಿ ಬರೆದಾಗಿತ್ತು. ಈ ಸಲದ ನೀರು ಎಂದಿಗಿಂತ ಮೇಲು, ಹೊಳಪೇ ಬೇರೆ, ಪ್ರೊಸೆಸರ್ ಎರಡು ಡಿಗ್ರಿ ಇಳಿದಿದೆ ಎಂದು. ಆ ವಾರ ಸಂಜೆಗೊಂದು ಮಳೆ ಬಿದ್ದು ಊರೇ ತಂಪಾಗಿದ್ದದ್ದು ಅವನ ಗಮನಕ್ಕೆ ಬರಲಿಲ್ಲ. ಭಾನುವಾರ ಸೋಫಾದವರಿಗೆ ಪೈಪಿನ ಹತ್ತಿರ ಕಣ್ಣು ಹಿಡಿದು ನೋಡಲು ಹೇಳಿದ. "ಕಾಣುತ್ತಾ ಏನಾದ್ರೂ? ಕಾಣಲ್ಲ. ಅದೇ ಶುದ್ಧ ನೀರು." ಅವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಟ್ಯಾಂಕರಿನವನು ತುಂಬಿಕೊಂಡು ಬಂದ ಹುಳಿಮಾವಿನ ಕಡೆಯ ಯಾವುದೋ ಬೋರ್‌ವೆಲ್ಲಿನ ನೀರನ್ನು ನೋಡಿ ಧನ್ಯರಾದರು. ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದು ನಿಂತ ಶ್ರೀದೇವಿಗೆ ಇಷ್ಟು ಚೆನ್ನಾದ ನೋಟ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ಇದು ಒಳ್ಳೆಯ ಬುದ್ಧಿಯಲ್ಲ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಅನಿಸಿದರೂ ಬಿಡಲಾಗಲಿಲ್ಲ.

ಮಳೆಗಾಲ ಕಳೆಯಿತು. ದಸರೆಯ ಹೊತ್ತಿಗೆ ಪೈಪಿನ ಒಳಗೋಡೆಗೆ ತೆಳ್ಳಗೆ ಹಸಿರು ಬಂತು. ವಿಜಯಕುಮಾರ್ ಅದನ್ನು ಬೆಳಕಿನ ನೆರಳು ಎಂದ. ಡಿಗ್ರಿ ಏರಿತು. ಹವೆ ಎಂದ. ದೀಪಾವಳಿಯ ಮುಂಚಿನ ಭಾನುವಾರ, ಹಾಲಿನ ತುಂಬ ಜನ ಕೂತು ನೋಡುತ್ತಿರುವಾಗ, ಯಂತ್ರ ಒಮ್ಮೆ ಕಿರ್ ಎಂದು ಕೂಗಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದ. ಮತ್ತೆ ಹೋಯಿತು. ಬೆವರು ಒರೆಸಿಕೊಳ್ಳುತ್ತ ಎಲ್ಲರೆದುರೇ ತಾಮ್ರದ ಬ್ಲಾಕು ಬಿಚ್ಚಿದ. ಒಳಗಿನ ಸಣ್ಣ ಸಣ್ಣ ಎಸಳುಗಳ ಮೇಲೆ ಸುಣ್ಣದಂಥ ಬಿಳಿ ಪದರ ಕೂತಿತ್ತು. ಅದರ ಮೇಲೆ ಕೆರೆದಂಡೆಯ ಕಲ್ಲಿನ ಮೇಲಿರುವಂಥ ಹಸಿರು ಲೋಳೆ.

ಮೋರಿ ಎಂಬ ಮಾತು ಅಲ್ಲಿದ್ದ ಎಲ್ಲರ ತಲೆಗೂ ಬಂದಿರಬೇಕು. ನಿಂಗರಾಜ ಮಾತ್ರ ತನ್ನ ಕಾಲ್ಬೆರಳುಗಳನ್ನು ನೋಡುತ್ತ ಕೂತಿದ್ದ.

"ಮೋಸ," ಎಂದ ವಿಜಯಕುಮಾರ್. "ಪಿಳ್ಳಣ್ಣ ಬೋರ್ ನೀರು ತುಂಬಿ ಕೊಟ್ಟಿದಾನೆ."

ಅವನಿಗೆ ಹೀಗೆ ಹೇಳಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಬ್ಲಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನೇರ ಕದಿರೇನಹಳ್ಳಿ ಕ್ರಾಸಿಗೆ ಹೋಗಿ, ಆಟೋದವರು, ಇನ್ವರ್ಟರ್ ರಿಪೇರಿಗೆ ಬಂದವರು ಎಲ್ಲ ನಿಂತಿರುವಾಗ ಕಳ್ಳ, ಮೋಸಗಾರ ಎಂದು ಕೂಗಾಡಿ ಬಂದ.

"ಸಾರ್, ನನ್ ನೀರು ಕೆಟ್ಟಿದ್ರೆ ಈ ಏರಿಯಾ ಬ್ಯಾಟರಿ ಎಲ್ಲಾ ಇಷ್ಟೊತ್ಗೆ ಸತ್ತೋಗ್ಬೇಕಿತ್ತು. ನಿಮ್ದೊಂದೇ ಯಾಕ್ ಸಾರ್ ಸತ್ತಿದ್ದು?" ಎಂದು ಪಿಳ್ಳಣ್ಣ ಕೇಳಿದ್ದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಆದರೆ ಫೋರಂ ಇತ್ತು. ಅಂಗಡಿಯ ಹೆಸರು, ಕ್ರಾಸು, ಬೋರ್ಡಿನ ಫೋಟೋ, ಬ್ಲಾಕಿನ ಫೋಟೋ ಎಲ್ಲ ಹಾಕಿ ಉದ್ದಕ್ಕೆ ಬರೆದ. ಕಂಪ್ಯೂಟರಿನ ಜನ ಮಾತ್ರ ಓದಿ ಬಿಟ್ಟಿದ್ದರೆ ಅಷ್ಟೇ ಆಗುತ್ತಿತ್ತು. ಅವರಲ್ಲೊಬ್ಬ ರಿಂಗ್ ರೋಡಿನ ದೊಡ್ಡ ಅಪಾರ್ಟ್‌ಮೆಂಟಿನವನು. ಅಲ್ಲಿಯ ಇನ್ವರ್ಟರುಗಳೆಲ್ಲ ಪಿಳ್ಳಣ್ಣನ ಜವಾಬ್ದಾರಿಯಾಗಿದ್ದವು. ವಾರದೊಳಗೆ ಅಸೋಸಿಯೇಷನ್ನಿನವರು ನಾಳೆಯಿಂದ ಬರಬೇಡ ಎಂದರು. ಬೇರೆಯವರು ಕ್ಯಾನು ವಾಪಸು ತಂದಿಟ್ಟು ಹೋದರು.

ಇದನ್ನು ಶ್ರೀದೇವಿಗೆ ಹೇಳಿದವನು ನಿಂಗರಾಜ. ಸ್ಕೂಲಿನ ಗೇಟಿನ ಹತ್ತಿರ ಕಾದು ನಿಂತಿದ್ದ. "ಅಕ್ಕಾರ, ಆ ಮನಷ್ಯಾ ಅಂಗಡಿ ಮುಂದ ಖುರ್ಚಿ ಹಾಕ್ಕೊಂಡು ಸುಮ್ನ ಕುಂತಾನ್ರಿ. ಬಾಯಿ ಇಲ್ಲದವರಂಗ ಕುಂತಾನ. ನೋಡಾಕ ಆಗವಲ್ದು. ಸರಗ ನೀವರ ಒಂದ್ಮಾತು ಹೇಳ್ರಿ."

ಇಷ್ಟು ತಿಂಗಳು ಅವಳನ್ನು ನಗಿಸಿದ್ದು ಇದೇ ನೀರು. ಗಂಡನ ಮೇಲಿನ ತಾತ್ಸಾರದಲ್ಲಿ ಅವಳು ಇನ್ನೊಬ್ಬನ ಅಂಗಡಿಯನ್ನು ನಡುವೆ ನಿಲ್ಲಿಸಿಬಿಟ್ಟಿದ್ದಳು. ಸಂಜೆ ಅವನು ಬರುತ್ತಲೇ, ಚಪ್ಪಲಿ ಬಿಡುವ ಮೊದಲೇ ಹೇಳಿದಳು: ನೀರಿಲ್ಲದ ಭಾನುವಾರ, ಉಪ್ಪಿಟ್ಟು, ಕಾಫಿ, ಟ್ಯಾಂಕರು.

ವಿಜಯಕುಮಾರ್ ನಕ್ಕ. "ಅವನ ಪರ ಮಾತಾಡೋಕೆ ನಿಂಗ್ಯಾರು ಹೇಳ್ಕೊಟ್ರು? ಏಳು ತಿಂಗಳು ಟ್ಯಾಂಕರ್ ನೀರು ಓಡಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ನಂಗೆ?"

"ಗೊತ್ತಾಗ್ಲಿಲ್ವಲ್ಲ ರೀ. ಹೊಳಪೇ ಬೇರೆ ಅಂತ ಬರೆದ್ರಲ್ಲ."

"ಅಮ್ಮ, ಇವಳು ಹೇಳ್ತಿರೋದು ಸುಳ್ಳು ತಾನೆ?"

"ಮುಚ್ಚಳ ಹುಡುಕಿ ಕೊಟ್ಟೋಳೇ ನಾನು," ಎಂದರು ಶಾಂತಾದೇವಿ.

ವಿಜಯಕುಮಾರ್ ಕುರ್ಚಿ ಎಳೆದುಕೊಂಡು ಕೂತು ದನಿ ತಗ್ಗಿಸಿದ. "ಸರಿ. ಆಗಿದ್ದಾಯ್ತು. ಯಾರ್ಗೂ ಹೇಳ್ಬೇಡಿ. ಫೋರಂನಲ್ಲಿ ಮುಖ ತೋರ್ಸೋಕಾಗಲ್ಲ. ಸ್ವಲ್ಪ ದಿನ ಹೋದ್ರೆ ಜನ ಮರೀತಾರೆ, ಆ ಪಿಳ್ಳಣ್ಣನ ವ್ಯಾಪಾರ ತಾನಾಗೇ ಸರಿಹೋಗುತ್ತೆ."

ಗಂಡ ದಡ್ಡ ಎಂದು ಅವಳು ತಿಳಿದಿದ್ದಳು. ದಡ್ಡತನವನ್ನು ಅವಳು ಎಷ್ಟೋ ಕ್ಷಮಿಸಿದ್ದಳು, ಅದು ಅವಳ ವೃತ್ತಿಯೇ ಆಗಿತ್ತು. ಇದು ದಡ್ಡತನವಾಗಿರಲಿಲ್ಲ.

"ನೀವೇ ಹೇಳಿ. ಭಾನುವಾರದವರೆಗೆ ಕಾಯ್ತೀನಿ," ಎಂದಳು.

ಭಾನುವಾರ ಅವನು ಹೇಳಲಿಲ್ಲ. ಅದರ ಬದಲು, ಫೋರಂನವರು ಪಟ್ಟು ಹಿಡಿದಿದ್ದರಿಂದ, ಎಲ್ಲರನ್ನೂ ಕರೆದುಕೊಂಡು ಪಿಳ್ಳಣ್ಣನ ಅಂಗಡಿಗೆ ನೀರಿನ ಪರೀಕ್ಷೆಗೆ ಹೋದ. ಫಿಲ್ಟರ್ ಮಾರುವವರು ಮನೆಮನೆಗೆ ತಂದು ತೋರಿಸುತ್ತಾರಲ್ಲ, ನೀರಿನಲ್ಲಿ ಎಷ್ಟು ಉಪ್ಪು, ಸುಣ್ಣ ಕರಗಿದೆ ಎಂದು ಅಂಕಿ ತೋರಿಸುವ ಪೆನ್ನಿನಂಥ ಮೀಟರು, ಅದನ್ನು ಯಾರೋ ತಂದಿದ್ದರು. ಶ್ರೀದೇವಿ ಸ್ವಲ್ಪ ಹೊತ್ತು ಬಿಟ್ಟು ಯುಟಿಲಿಟಿಯ ಬೀರು ತೆಗೆದಳು. ಗಂಡ ಇಷ್ಟು ತಿಂಗಳು ಅದರಿಂದಲೇ ಯಂತ್ರಕ್ಕೆ ತುಂಬುತ್ತ ಬಂದು, ತಳದಲ್ಲಿ ಒಂದಿಷ್ಟು ನೀರು ಉಳಿದಿದ್ದ ಹಳೇ ಕ್ಯಾನನ್ನು ಎತ್ತಿಕೊಂಡು ಆಟೋ ಹತ್ತಿದಳು.

ಅವಳು ಇಳಿಯುವಾಗ ಪಿಳ್ಳಣ್ಣ ಗಾಜಿನ ಲೋಟಕ್ಕೆ ತನ್ನ ನೀರು ಸುರಿದು ಕೊಟ್ಟಾಗಿತ್ತು. ಮೀಟರು ಅದ್ದಿದರು. ಎರಡು ಎಂದು ತೋರಿಸಿತು.

"ಇವತ್ತು ಬರ್ತೀವಿ ಅಂತ ಗೊತ್ತಿತ್ತಲ್ಲ. ಇವತ್ತು ಒಳ್ಳೇದೇ ಇಟ್ಟಿರ್ತಾನೆ," ಎಂದ ವಿಜಯಕುಮಾರ್. ಹೆಂಡತಿಯನ್ನು ಕಂಡು ಅವನ ಮಾತು ಅಲ್ಲೇ ನಿಂತಿತು.

"ಇದನ್ನೂ ನೋಡಿಬಿಡಿ," ಎಂದು ಅವಳು ಕ್ಯಾನಿನಿಂದ ಇನ್ನೊಂದು ಲೋಟಕ್ಕೆ ಸುರಿದಳು. "ನಮ್ಮನೇದು. ಕಂಪ್ಯೂಟರಿಗೆ ಹಾಕಿದ್ದು ಇದೇ ನೀರು."

ಮೀಟರಿನ ಅಂಕಿ ಸರಸರನೆ ಏರಿ ಎಂಟುನೂರು ದಾಟಿ ನಿಂತಿತು. ಹೋ ಎಂದು ಗದ್ದಲವೆದ್ದಿತು. ಪಿಳ್ಳಣ್ಣ ಕ್ಯಾನಿನ ಮೇಲಿನ ತನ್ನದೇ ಅಂಗಡಿಯ ಚೀಟಿಯನ್ನು ನೋಡಿ ಬೆಪ್ಪಾಗಿ ನಿಂತ. ವಿಜಯಕುಮಾರನಿಗೆ ಜೀವ ಬಂತು. ಹೆಂಡತಿ ಕೊನೆಗೂ ತನ್ನ ಕಡೆ ಬಂದಳು ಎಂದುಕೊಂಡನೋ ಏನೋ, "ನೋಡಿದ್ರಾ! ನೋಡಿದ್ರಾ ಎಲ್ರೂ!" ಎಂದು ಕೈ ಎತ್ತಿ ಕೂಗಿದ.

"ಇನ್ನೂ ಮುಗಿದಿಲ್ಲ," ಎಂದಳು ಶ್ರೀದೇವಿ, ಕ್ಲಾಸಿನ ಕೊನೇ ಬೆಂಚಿಗೂ ಕೇಳುವ ದನಿಯಲ್ಲಿ. "ಕ್ಯಾನು ಪಿಳ್ಳಣ್ಣಂದು. ಒಳಗಿರೋ ನೀರು ಟ್ಯಾಂಕರಿಂದು. ತುಂಬಿದ್ದು ನಾನು. ಮಾರ್ಚಲ್ಲಿ ಒಂದಿನ ಕಾಫಿ ಸೊಗಸಾಗಿದೆ ಅಂದ್ರಲ್ಲ ನೀವೆಲ್ಲ, ಅವತ್ತು ಪಿಳ್ಳಣ್ಣನ ನೀರು ಕುಡಿದಿದ್ದು ನೀವು. ಕಂಪ್ಯೂಟರ್ ಕುಡಿದಿದ್ದು ಬೋರ್‌ವೆಲ್ಲು. ಇದನ್ನ ಇವರಿಗೆ ನಾನು ಈ ವಾರವೇ ಹೇಳಿದೀನಿ. ಯಾರ್ಗೂ ಹೇಳ್ಬೇಡ ಅಂದ್ರು. ತಪ್ಪು ನಂದೂ ಇದೆ ಪಿಳ್ಳಣ್ಣ, ಆವಾಗ್ಲೇ ಬಾಯಿ ಬಿಡ್ಬೇಕಿತ್ತು."

ಆಟೋದವರಲ್ಲಿ ಒಬ್ಬ ಮೊದಲು ನಕ್ಕ. ಆಮೇಲೆ ನಿಂಗರಾಜ, ತಡೆಯಲಾರದೆ. "ಸರ, ಆ ಬಿಳೇದು ಟ್ಯಾಂಕರ್ ಸುಣ್ಣರಿ. ಹಸರದು ಮಾತ್ರ ನಿಮ್ಮದ. ಔಷಧ ಹಾಕ್ರಿ, ಬಿಸಲಾಗ ಇಡಬ್ಯಾಡ್ರಿ ಅಂದಿದ್ನಿ. ಶುದ್ಧ ನೀರ ಇದ್ರೂ ಪಾಚಿ ಬರ್ತಿತ್ತು."

ವಿಜಯಕುಮಾರ್ ಸ್ಕೂಟರು ಹತ್ತಿ, ಹೆಂಡತಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಪಿಳ್ಳಣ್ಣ ಅವಳಿಗೆ ಕುರ್ಚಿ ಹಾಕಿಸಲಿಲ್ಲ, ಕಾಫಿ ಕೇಳಲಿಲ್ಲ. "ನಿಮ್ ಗಂಡ ಹೆಂಡ್ತಿ ಜಗಳಕ್ಕೆ ನನ್ ಅಂಗ್ಡೀನೇ ಬೇಕಿತ್ತಾ ಮೇಡಂ?" ಎಂದು ಮಾತ್ರ ಕೇಳಿದ.

ಅವತ್ತೇ ಮಧ್ಯಾಹ್ನ ಅವಳು ರಿಂಗ್ ರೋಡಿನ ಅಪಾರ್ಟ್‌ಮೆಂಟಿಗೆ ಹೋದಳು. ಅಸೋಸಿಯೇಷನ್ ಕಾರ್ಯದರ್ಶಿ ಸೇತುರಾಮ ಎಂಬವರು ಊಟದ ಕೈ ಒರೆಸುತ್ತ ಬಂದು, "ಅಷ್ಟು ವಿವರವಾಗಿ ಬರೆದಿದಾರಲ್ಲ ಮೇಡಂ. ಯಾರೋ ಇಂಜಿನಿಯರ್ ಇರ್ಬೇಕು," ಎಂದರು.

"ಬರೆದೋರು ನಮ್ಮ ಯಜಮಾನ್ರು. ಇಂಜಿನಿಯರ್ ಅಲ್ಲ. ಫೋನ್ ಬಿಲ್ ಕಳಿಸ್ತಾರೆ."

ಸೇತುರಾಮರು ಮೀಟಿಂಗಿನಲ್ಲಿ ಇಡುತ್ತೇನೆ ಎಂದರು. ಇಟ್ಟರು. ಇಡೀ ಕಟ್ಟಡದ ಕೆಲಸ ಪಿಳ್ಳಣ್ಣನಿಗೆ ವಾಪಸು ಸಿಗಲಿಲ್ಲ. ಅಷ್ಟರಲ್ಲಿ ಬೇರೆ ಯಾರಿಗೋ ಕೊಟ್ಟಾಗಿತ್ತು. ಅರ್ಧದಷ್ಟು ಮನೆಯವರು ತಾವಾಗಿ ಅವನನ್ನು ಕರೆಸಿಕೊಂಡರು. ಆಟೋದವರು ಎಲ್ಲಿಗೂ ಹೋಗಿರಲಿಲ್ಲ. ಅವನ ಬಾಯಿ ಮೊದಲಿನಂತಾಗಲು ಯುಗಾದಿಯವರೆಗೆ ಹಿಡಿಯಿತು.

ಫೋರಂನಲ್ಲಿ ವಿಜಯಕುಮಾರ್ ಎರಡು ಸಾಲು ಬರೆದ: ಗೃಹಮಟ್ಟದ ತಾಂತ್ರಿಕ ವ್ಯತ್ಯಯದಿಂದ ತಪ್ಪುಗ್ರಹಿಕೆ ಉಂಟಾಗಿತ್ತು, ಚರ್ಚೆ ಇಲ್ಲಿಗೆ ಮುಗಿದಿದೆ. ಅದನ್ನು ಪ್ರಿಂಟು ತೆಗೆದು ಊಟದ ಮೇಜಿನ ಮೇಲಿಟ್ಟ, ಹೆಂಡತಿ ನೋಡಲಿ ಎಂದು. ಅವಳು ಓದಿ, ಪಿಳ್ಳಣ್ಣನ ಹೆಸರು ಎಲ್ಲೂ ಇಲ್ಲದ್ದನ್ನು ಕಂಡು, ಅಡ್ಡಕ್ಕೆ ಒಂದು ಕೆಂಪು ಗೆರೆ ಎಳೆದು "ಮತ್ತೆ ಬರೆಯಿರಿ" ಎಂದು ಬರೆದಿಟ್ಟಳು. ಮೂರನೇ ದಿನ ಅವನು ಮತ್ತೆ ಬರೆದ. ಈ ಸಲ ಹೆಸರಿತ್ತು, ಕ್ಷಮೆ ಎಂಬ ಮಾತೂ ಇತ್ತು, ವ್ಯಾಕರಣ ಸರಿಯಿರಲಿಲ್ಲ. ಅವಳು ಪಾಸು ಮಾಡಿದಳು.

ಭಾನುವಾರದ ಜನ ಬರುವುದು ನಿಂತಿತು. ಅವರೀಗ ಬಿ.ಟಿ.ಎಂ.ನಲ್ಲಿ ನಿಂಗರಾಜನ ರೂಮಿನಲ್ಲಿ ಸೇರುತ್ತಾರೆ, ಚಾಪೆಯ ಮೇಲೆ ಕೂತು ಹಸಿರು ನೀರನ್ನು ನೋಡುತ್ತಾರೆ ಎಂದು ಸುದ್ದಿ ಬಂತು. ಜನವರಿಯ ಹೊತ್ತಿಗೆ ವಿಜಯಕುಮಾರ್ ಯಂತ್ರಕ್ಕೆ ಎಲ್ಲರಂತೆ ಒಂದು ಫ್ಯಾನು ಹಾಕಿ, ಪಂಪು, ಪೈಪು, ರೇಡಿಯೇಟರು, ಬ್ಲಾಕು ಎಲ್ಲವನ್ನೂ ಮಾರಲು ಇಟ್ಟ. ಕೊಳ್ಳಲು ಬಂದವನು ಮಡಿವಾಳದಲ್ಲಿ ಸೈಬರ್ ಕೆಫೆ ಇಟ್ಟಿದ್ದ ಚಲುವರಾಜು.

ಶ್ರೀದೇವಿ ಒಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಹಾಲಿನಲ್ಲಿ ಗಂಡನ ದನಿ ಬಹಳ ದಿನಗಳ ಮೇಲೆ ಮೇಲಕ್ಕೆದ್ದಿತ್ತು. "ಸಿಂಗಪುರದ ಮಾಲು ಚಲುವರಾಜು ಅವರೇ. ಮೊದಲ ದಿನದಿಂದ ಇದರೊಳಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಒಂದು ಹನಿ ಹೋಗಿಲ್ಲ. ಕಣ್ಮುಚ್ಕೊಂಡು ತಗೊಂಡ್ಹೋಗಿ."

ಅವಳು ಪೆನ್ನಿನ ಕ್ಯಾಪು ಹಾಕಿ ಎದ್ದು ಬಾಗಿಲಿಗೆ ಬಂದಳು.

"ಕಣ್ ಬಿಟ್ಕೊಂಡೇ ತಗೊಂಡ್ಹೋಗಿ ಅಣ್ಣ," ಎಂದಳು. "ಮನೇಲಿ ವಿನೆಗರ್ ಹಾಕಿ ನೆನೆಸಿ, ಚೆನ್ನಾಗಿ ತೊಳ್ಕೊಳ್ಳಿ. ಒಳಗೆ ಸುಣ್ಣ ಇನ್ನೂ ಉಳಿದಿರುತ್ತೆ."

ಚಲುವರಾಜು ಗಂಡನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಅಂದ್ರೆ... ರೇಟು ಸ್ವಲ್ಪ ಕಮ್ಮಿ ಮಾಡ್ಬೋದಾ ಸಾರ್?" ಎಂದ.

ವಿಜಯಕುಮಾರ್ ಗೋಡೆಯ ಕಡೆ ತಿರುಗಿ ನಿಂತ. ಶ್ರೀದೇವಿ ಹೋಗಿ ಉಳಿದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು.